ಕಾರು ಅಪಘಾತ: ‘ನನಗೇನೂ ಆಗಿಲ್ಲ’ ಎನ್ನುವ ಮುನ್ನ

ಕಾರು ಎಲ್ಲಾದರೂ ಗುದ್ದಿಕೊಂಡರೆ ನಮ್ಮಲ್ಲಿ ಮೊದಲು ಏನೇನು ನಡೆಯುತ್ತದೆ ಎಂಬುದನ್ನು ಒಮ್ಮೆ ನೆನಪಿಸಿಕೊಳ್ಳಿ. ಎದುರಿನ ಗಾಡಿಯವನೊಡನೆ ಜಗಳ. ಜನ ಸೇರುತ್ತಾರೆ. ಯಾರೋ ಹಿರಿಯರು ಮಧ್ಯೆ ಬಂದು ಎರಡೋ ಮೂರೋ ಸಾವಿರಕ್ಕೆ ರಾಜಿ ಮಾಡಿಸುತ್ತಾರೆ. ಆಮೇಲೆ ಕಾರು ಗ್ಯಾರೇಜಿಗೆ ಹೋಗುತ್ತದೆ. ಮೆಕ್ಯಾನಿಕ್ ಬಾನೆಟ್ ಎತ್ತಿ, ಕಾರಿನಡಿ ನುಗ್ಗಿ, ರೇಡಿಯೇಟರ್ ಸೋರುತ್ತಿದೆಯೇ, ಚಾಸಿ ಬಾಗಿದೆಯೇ ಎಂದು ಅರ್ಧ ದಿನ ನೋಡುತ್ತಾನೆ. ರಿಪೇರಿಯಾಗಿ ಬಂದ ಮೇಲೆ ಚಕ್ರದಡಿ ನಿಂಬೆಹಣ್ಣು ಇಟ್ಟು ದೃಷ್ಟಿಯನ್ನೂ ತೆಗೆಯುತ್ತೇವೆ. ಕಾರಿನೊಳಗೆ ಕುಳಿತಿದ್ದವರನ್ನು ಮಾತ್ರ ಯಾರೂ ಪರೀಕ್ಷಿಸುವುದಿಲ್ಲ. ‘ದೇವರು ದೊಡ್ಡವನು, ಯಾರಿಗೂ ಏನೂ ಆಗಲಿಲ್ಲ’ ಎಂದು ಮನೆಗೆ ಬಂದು ಮಲಗುತ್ತಾರೆ. ಬಹುಪಾಲು ಸಂದರ್ಭಗಳಲ್ಲಿ ನಿಜಕ್ಕೂ ಏನೂ ಆಗಿರುವುದಿಲ್ಲ. ಆಗಿರುವ ಕೆಲವರಿಗೆ ಅದು ತಿಳಿಯುವ ಹೊತ್ತಿಗೆ ತಡವಾಗಿರುತ್ತದೆ.

ಕೆಲವು ವರ್ಷಗಳ ಹಿಂದಿನ ಮಾತು. ನಾನು ವೃತ್ತಿ ನಡೆಸುವುದು ತುಮಕೂರು–ಚಿತ್ರದುರ್ಗಗಳ ನಡುವೆ ಹೆದ್ದಾರಿಗೆ ಹೊಂದಿಕೊಂಡ ಒಂದು ಊರಿನಲ್ಲಿ. ಸಂಜೆ ಏಳರ ಸುಮಾರಿಗೆ ಮದುವೆ ಮುಗಿಸಿ ಹಿಂದಿರುಗುತ್ತಿದ್ದ ಒಂದು ಕುಟುಂಬ ಕ್ಲಿನಿಕ್ಕಿಗೆ ಬಂತು. ಎಂಟು ವರ್ಷದ ಹುಡುಗನ ಗದ್ದ ಸೀಳಿ ರಕ್ತ ಸುರಿಯುತ್ತಿತ್ತು. ‘ಮೆಟ್ಟಿಲ ಮೇಲಿಂದ ಜಾರಿ ಬಿದ್ದ ಸಾರ್’ ಎಂದರು ಹುಡುಗನ ಸೋದರಮಾವ. ಮೂರು ಹೊಲಿಗೆ ಹಾಕಿದೆ. ಹಾಕುವಾಗ ಹುಡುಗನ ತಲೆಗೂದಲಲ್ಲಿ ಗಾಜಿನ ಸಣ್ಣ ಸಣ್ಣ ಹರಳುಗಳು ಕಂಡವು. ಮೆಟ್ಟಿಲ ಮೇಲೆ ಗಾಜು ಎಲ್ಲಿಂದ ಬಂತು ಎಂದು ನಾನು ಕೇಳಬೇಕಿತ್ತು. ಹೊರಗೆ ಹತ್ತು ಹದಿನೈದು ಮಂದಿ ಕಾಯುತ್ತಿದ್ದರು, ಕೇಳಲಿಲ್ಲ. ಹುಡುಗನ ತಂದೆ, ನಲವತ್ತರ ಆಸುಪಾಸಿನವರು, ಬಾಗಿಲ ಬಳಿ ಎಡ ಪಕ್ಕೆಯನ್ನು ಕೈಯಿಂದ ಒತ್ತಿ ಹಿಡಿದು ನಿಂತಿದ್ದರು. ನಿಮಗೂ ಏನಾದರೂ ಆಗಿದೆಯೇ ಎಂದು ಕೇಳಿದ್ದಕ್ಕೆ, ‘ನಂಗೇನೂ ಆಗಿಲ್ಲ ಡಾಕ್ಟ್ರೇ, ಮೊದ್ಲು ಹುಡುಗನ್ನ ನೋಡಿ’ ಎಂದರು. ಹಣ ಕೊಟ್ಟು, ಮಗನನ್ನು ಹೆಗಲ ಮೇಲೆ ಹಾಕಿಕೊಂಡು ನಡೆದೇ ಹೋದರು.

ಮಾರನೆಯ ರಾತ್ರಿ ಬಚ್ಚಲಿಗೆಂದು ಎದ್ದವರು ಅಲ್ಲೇ ಕುಸಿದರಂತೆ. ತುಮಕೂರಿಗೆ ಒಯ್ಯುವ ದಾರಿಯಲ್ಲೇ ಪ್ರಾಣ ಹೋಯಿತು. ಶವಪರೀಕ್ಷೆಯಲ್ಲಿ ಕಂಡದ್ದು ಸೀಳಿದ ಗುಲ್ಮ, ಹೊಟ್ಟೆಯ ತುಂಬ ರಕ್ತ. ಅವರು ಓಡಿಸುತ್ತಿದ್ದ ಕಾರು ನಿಂತಿದ್ದ ಲಾರಿಯ ಹಿಂಭಾಗಕ್ಕೆ ಗುದ್ದಿತ್ತು. ಸ್ಟಿಯರಿಂಗ್ ಚಕ್ರ ಅವರ ಹೊಟ್ಟೆಗೆ ಬಡಿದಿತ್ತು. ಪೊಲೀಸು, ಕೋರ್ಟು ಎಂಬ ರಗಳೆ ಬೇಡವೆಂದು ಮನೆಯವರು ಮೆಟ್ಟಿಲಿನ ಕತೆ ಹೇಳಿದ್ದರು. ಆ ಕತೆಯನ್ನು ನಾನು ನಂಬಿದೆ ಎನ್ನುವುದಕ್ಕಿಂತ ನಂಬುವುದು ನನಗೆ ಅನುಕೂಲವಾಗಿತ್ತು ಎನ್ನುವುದೇ ಸರಿ.

ಈ ವಾರದ ಅಂಕಣದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೇ. ಕಾರು ಜೋರಾಗಿ ಗುದ್ದಿದ್ದರೆ, ಅದರಲ್ಲಿದ್ದ ಪ್ರತಿಯೊಬ್ಬರನ್ನೂ, ನೋವಿರಲಿ ಇಲ್ಲದಿರಲಿ, ಅಂದೇ ವೈದ್ಯರು ಪರೀಕ್ಷಿಸಬೇಕು. ಮತ್ತು ಆ ವೈದ್ಯರಿಗೆ ನಡೆದದ್ದನ್ನು ನಡೆದ ಹಾಗೆಯೇ ಹೇಳಬೇಕು.

ನೋವಿಲ್ಲದ ಮೇಲೆ ಪರೀಕ್ಷೆ ಏಕೆ ಎಂದು ನೀವು ಕೇಳಬಹುದು. ಅರವತ್ತು ಕಿಲೋಮೀಟರ್ ವೇಗದ ಕಾರು ಒಂದು ಮರಕ್ಕೆ ಗುದ್ದಿತೆನ್ನಿ. ಆಗುವ ಡಿಕ್ಕಿ ಒಂದಲ್ಲ, ಮೂರು. ಕಾರು ಮರಕ್ಕೆ ಗುದ್ದುತ್ತದೆ. ಕಾರು ನಿಂತರೂ ಒಳಗಿರುವ ದೇಹ ಅದೇ ವೇಗದಲ್ಲಿ ಮುಂದಕ್ಕೆ ಹೋಗಿ ಸ್ಟಿಯರಿಂಗಿಗೋ ಡ್ಯಾಶ್‌ಬೋರ್ಡಿಗೋ ಬೆಲ್ಟಿಗೋ ಬಡಿಯುತ್ತದೆ. ದೇಹ ನಿಂತ ಮೇಲೂ ಅದರೊಳಗಿನ ಮೆದುಳು, ಯಕೃತ್ತು, ಗುಲ್ಮ, ಕರುಳುಗಳು ಚಲಿಸಿ ಬುರುಡೆಗೋ ಪಕ್ಕೆಲುಬಿಗೋ ಬೆನ್ನೆಲುಬಿಗೋ ಅಪ್ಪಳಿಸುತ್ತವೆ. ಮೊದಲ ಎರಡು ಡಿಕ್ಕಿಗಳ ಗುರುತು ಹೊರಗೆ ಕಾಣುತ್ತದೆ. ಮೂರನೆಯದರ ಗುರುತು ಕಾಣಬೇಕಾದರೆ ಹುಡುಕಬೇಕು. ಅದೂ ಅಲ್ಲದೆ, ಅಪಘಾತದ ಗಾಬರಿಯಲ್ಲಿ ದೇಹವು ಅಡ್ರಿನಲಿನ್ ಮುಂತಾದ ರಸಗಳನ್ನು ರಕ್ತಕ್ಕೆ ಸುರಿಯುತ್ತದೆ. ಅವುಗಳ ಪ್ರಭಾವದಲ್ಲಿ ಮನುಷ್ಯ ಮುರಿದ ಕಾಲಿನಲ್ಲಿಯೇ ನಾಲ್ಕು ಹೆಜ್ಜೆ ನಡೆದುಬಿಡುತ್ತಾನೆ. ಆದ್ದರಿಂದ ಮೊದಲ ಒಂದೆರಡು ಗಂಟೆ ‘ನೋವಿಲ್ಲ’ ಎಂಬ ಮಾತಿಗೆ ವೈದ್ಯರು ಹೆಚ್ಚಿನ ಬೆಲೆ ಕೊಡುವುದಿಲ್ಲ. ನೀವೂ ಕೊಡಬೇಡಿ.

ಗುಲ್ಮದ ವಿಚಾರಕ್ಕೇ ಬರುತ್ತೇನೆ. ಎಡ ಪಕ್ಕೆಲುಬುಗಳ ಕೆಳಗೆ ಅವಿತಿರುವ, ಸುಮಾರು ನೂರೈವತ್ತು ಗ್ರಾಂ ತೂಗುವ, ರಕ್ತ ತುಂಬಿದ ಮೆದು ಅಂಗ ಇದು. ನಾವು ವೈದ್ಯರು ಸ್ಪ್ಲೀನ್ ಎನ್ನುತ್ತೇವೆ. ಪೆಟ್ಟು ಬಿದ್ದಾಗ ಇದು ತಕ್ಷಣ ಒಡೆಯಬಹುದು. ಕೆಲವೊಮ್ಮೆ ಒಳಗೇ ಬಿರಿದು, ಮೇಲಿನ ತೆಳುವಾದ ಪೊರೆ ಮಾತ್ರ ರಕ್ತವನ್ನು ತಡೆದು ನಿಲ್ಲಿಸಿರುತ್ತದೆ. ಗಂಟೆಗಳ ಅಥವಾ ದಿನಗಳ ನಂತರ ಆ ಪೊರೆ ಹರಿಯುತ್ತದೆ. ಅಲ್ಲಿಯವರೆಗೆ ಇರುವುದು ಎಡ ಪಕ್ಕೆಯಲ್ಲಿ ಸಣ್ಣ ನೋವು, ಕೆಲವರಿಗೆ ಎಡ ಭುಜದ ತುದಿಯಲ್ಲಿ ನೋವು. ಹೊಟ್ಟೆಯೊಳಗಿನ ರಕ್ತ ವಪೆಯನ್ನು ಕೆಣಕುವುದರಿಂದ ನೋವು ಭುಜದಲ್ಲಿ ಕಾಣಿಸಿಕೊಳ್ಳುತ್ತದೆ. ಭುಜ ಉಳುಕಿದೆಯೆಂದು ಎಣ್ಣೆ ಹಚ್ಚಿ ತಿಕ್ಕಿಸಿಕೊಳ್ಳುವವರು ಇದನ್ನು ತಿಳಿದಿರಬೇಕು.

ಇನ್ನೊಂದು ಸಂಗತಿ. ವಯಸ್ಕನ ದೇಹದಲ್ಲಿ ಸುಮಾರು ಐದು ಲೀಟರ್ ರಕ್ತವಿರುತ್ತದೆ. ಆರೋಗ್ಯವಂತ ಯುವಕನಲ್ಲಿ ಒಂದು ಲೀಟರಿಗಿಂತ ಹೆಚ್ಚು ರಕ್ತ ಒಳಗೇ ಸೋರಿಹೋಗಿದ್ದರೂ ರಕ್ತದೊತ್ತಡ ಮಾಮೂಲಿನಂತೆಯೇ ಇರಬಲ್ಲದು. ರಕ್ತನಾಳಗಳು ಬಿಗಿದುಕೊಂಡು ಅದನ್ನು ಹಿಡಿದಿಡುತ್ತವೆ. ನಾಡಿ ಮಾತ್ರ ಮೊದಲೇ ವೇಗವಾಗುತ್ತದೆ, ಕೈಕಾಲು ತಣ್ಣಗಾಗುತ್ತವೆ. ‘ಮೆಡಿಕಲ್ ಶಾಪಿನಲ್ಲಿ ಬಿ.ಪಿ. ನೋಡಿಸಿದೆವು, ನಾರ್ಮಲ್ ಇತ್ತು’ ಎಂದು ನೆಮ್ಮದಿಯಾಗಿರುವುದು ಸರಿಯಲ್ಲ. ಒತ್ತಡ ಇಳಿಯಲು ಶುರುವಾದ ಮೇಲೆ ಉಳಿದಿರುವ ಕಾಲ ತೀರಾ ಕಡಿಮೆ.

ತಲೆಯ ಪೆಟ್ಟಿನದೂ ಇದೇ ಬಗೆ. ಕಿಟಕಿಯ ಚೌಕಟ್ಟಿಗೆ ತಲೆ ಬಡಿದು ಒಂದು ನಿಮಿಷ ಪ್ರಜ್ಞೆ ತಪ್ಪಿ, ಮತ್ತೆ ಎಚ್ಚರವಾಗಿ, ಕಾಫಿ ಕುಡಿದು, ಮಾತಾಡುತ್ತಾ ಇದ್ದು, ಕೆಲವು ಗಂಟೆಗಳ ಮೇಲೆ ಮಂಪರಿಗೆ ಹೋಗುವವರಿದ್ದಾರೆ. ಬುರುಡೆಗೂ ಮೆದುಳಿನ ಹೊದಿಕೆಗೂ ನಡುವೆ ರಕ್ತ ಹೆಪ್ಪುಗಟ್ಟುತ್ತಿರುವಾಗ ಹೀಗಾಗುತ್ತದೆ. ಸಕಾಲದಲ್ಲಿ ಶಸ್ತ್ರಚಿಕಿತ್ಸೆಯಾದರೆ ಪೂರ್ತಿ ಗುಣವಾಗುವ ತೊಂದರೆಯಿದು. ಮನೆಯವರು ‘ದಣಿದಿದ್ದಾರೆ, ನಿದ್ದೆ ಮಾಡಲಿ’ ಎಂದು ಬಾಗಿಲು ಮುಚ್ಚಿದರೆ ಬೆಳಿಗ್ಗೆ ಎಬ್ಬಿಸಲಾಗುವುದಿಲ್ಲ. ವಯಸ್ಸಾದವರಲ್ಲಿ, ಅದರಲ್ಲೂ ಹೃದಯದ ತೊಂದರೆಗಾಗಿ ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿರುವವರಲ್ಲಿ, ಇದಕ್ಕಿಂತ ನಿಧಾನವಾದ ಇನ್ನೊಂದು ಬಗೆಯ ರಕ್ತಸ್ರಾವವಾಗುತ್ತದೆ. ಎರಡು ಮೂರು ವಾರಗಳ ಮೇಲೆ ಅಜ್ಜ ಮಾತು ಮರೆಯುತ್ತಾರೆ, ನಡೆಯುವಾಗ ಒಂದು ಕಾಲು ಎಳೆಯುತ್ತಾರೆ. ಎಲ್ಲರೂ ವಯಸ್ಸಿನ ಮೇಲೆ ಹಾಕುತ್ತಾರೆ. ಹಳೆಯ ಪೆಟ್ಟು ಯಾರಿಗೂ ನೆನಪಿರುವುದಿಲ್ಲ. ಆ ಮಾತ್ರೆ ನುಂಗುವವರು ಕಾರು ಗುದ್ದಿದ ದಿನವೇ ವೈದ್ಯರಿಗೆ ಮಾತ್ರೆಯ ಚೀಟಿ ತೋರಿಸಬೇಕು.

ಗರ್ಭಿಣಿಯರ ಮಾತು ಬೇರೆ. ಹೊರಗೆ ಒಂದು ಗೀರೂ ಇಲ್ಲದಿದ್ದರೂ ಗರ್ಭಕೋಶದಿಂದ ಮಾಸು ಬಿಡಿಸಿಕೊಂಡಿರಬಹುದು. ಏಳು ತಿಂಗಳ ಸೊಸೆಯನ್ನು ಕರೆದುಕೊಂಡು ಒಬ್ಬ ಅತ್ತೆ ನನ್ನ ಬಳಿ ಬಂದಿದ್ದರು. ಅವರ ಕಾರಿಗೆ ಹಿಂದಿನಿಂದ ಬೇರೊಂದು ಗಾಡಿ ಗುದ್ದಿತ್ತು. ಮಗನಿಗೂ ಸೊಸೆಗೂ ಆಸ್ಪತ್ರೆ ಬೇಡವಾಗಿತ್ತು, ಅತ್ತೆ ಮಾತ್ರ ‘ಡಾಕ್ಟ್ರು ಬೇಡ ಅಂದ್ರೆ ಮನೆಗೆ ಹೋಗಣ, ನೀವು ಹೇಳ್ಬೇಡಿ’ ಎಂದು ಪಟ್ಟು ಹಿಡಿದಿದ್ದರು. ಹೆರಿಗೆ ಆಸ್ಪತ್ರೆಗೆ ಕಳಿಸಿದೆ. ಅಲ್ಲಿ ಮಗುವಿನ ಎದೆಬಡಿತ ಗಮನಿಸುತ್ತಾ ಕೂರಿಸಿಕೊಂಡಿದ್ದಾಗ ಮೂರನೆಯ ಗಂಟೆಗೆ ರಕ್ತ ಕಂಡಿತು. ಆಸ್ಪತ್ರೆಯಲ್ಲೇ ಇದ್ದುದರಿಂದ ತಾಯಿ ಮಗು ಇಬ್ಬರೂ ಉಳಿದರು. ಇಂಥ ಸಂದರ್ಭದಲ್ಲಿ ಕನಿಷ್ಠ ನಾಲ್ಕು ಗಂಟೆ ಗಮನಿಸಬೇಕೆಂಬುದು ವೈದ್ಯಶಾಸ್ತ್ರದ ಪಾಠ. ಅತ್ತೆಯಂದಿರ ಹಟವನ್ನು ದೂರುವವರು ಇದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಲಿ.

ಹಾಗಾದರೆ ಎಲ್ಲರಿಗೂ ತಲೆಯಿಂದ ಕಾಲಿನವರೆಗೆ ಸ್ಕ್ಯಾನಿಂಗ್ ಮಾಡಿಸಬೇಕೇ? ಬೇಡ. ಆ ಹುಚ್ಚೂ ನಮ್ಮ ನಗರಗಳಲ್ಲಿ ಹಬ್ಬಿದೆ. ಬೇಕಾದದ್ದು ನಾಡಿ, ಉಸಿರಾಟ, ರಕ್ತದೊತ್ತಡ ನೋಡುವುದು, ಅಂಗಿ ಬಿಚ್ಚಿಸಿ ಎದೆ ಹೊಟ್ಟೆಗಳನ್ನು ಕೈಯಿಟ್ಟು ಪರೀಕ್ಷಿಸುವುದು, ಕುತ್ತಿಗೆ ಬೆನ್ನುಗಳನ್ನು ಒತ್ತಿ ನೋಡುವುದು, ಕೆಲವು ಗಂಟೆ ಬಿಟ್ಟು ಮತ್ತೊಮ್ಮೆ ಅದನ್ನೇ ಮಾಡುವುದು. ಹೊಟ್ಟೆಯ ಮೇಲೆ ಅನುಮಾನವಿದ್ದರೆ ಅಲ್ಟ್ರಾಸೌಂಡ್. ತಲೆಗೆ ಪೆಟ್ಟಾಗಿ ಪ್ರಜ್ಞೆ ತಪ್ಪಿದ್ದರೆ, ಪದೇ ಪದೇ ವಾಂತಿಯಾದರೆ ಸಿ.ಟಿ. ಸ್ಕ್ಯಾನ್. ಸೀಟ್ ಬೆಲ್ಟಿನ ಬರೆ ಹೊಟ್ಟೆಯ ಮೇಲೆ ಅಡ್ಡಲಾಗಿ ಮೂಡಿದ್ದರೆ ಅದನ್ನು ವೈದ್ಯರಿಗೆ ತೋರಿಸಿ. ಒಳಗೆ ಕರುಳಿಗೆ ಪೆಟ್ಟಾಗಿರುವ ಸೂಚನೆ ಅದಾಗಿರಬಹುದು. ಹಾಗೆಂದು ಬೆಲ್ಟನ್ನು ದೂಷಿಸಬೇಡಿ. ಅದು ಇಲ್ಲದಿದ್ದರೆ ಬರೆ ತೋರಿಸಲು ನೀವು ಬರುತ್ತಿರಲಿಲ್ಲ. ಬೆಲ್ಟು ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲೆ ಕೂರಬೇಕು, ಅಷ್ಟೇ.

ನಮ್ಮಲ್ಲಿ ಇನ್ನೊಂದು ಬಲವಾದ ನಂಬಿಕೆಯಿದೆ. ಒಂದು ಟಿ.ಟಿ. ಇಂಜೆಕ್ಷನ್, ಒಂದು ನೋವಿನ ಇಂಜೆಕ್ಷನ್ ಆದರೆ ಅಪಘಾತದ ಚಿಕಿತ್ಸೆ ಮುಗಿಯಿತು ಎಂಬುದು. ಟಿ.ಟಿ. ಧನುರ್ವಾಯು ಬಾರದಂತೆ ತಡೆಯುತ್ತದೆ, ಬೇರೇನನ್ನೂ ಅಲ್ಲ. ನೋವಿನ ಇಂಜೆಕ್ಷನ್ ಪರೀಕ್ಷೆಗೆ ಮೊದಲೇ ಬಿದ್ದರೆ ಹೊಟ್ಟೆಯೊಳಗಿನ ಎಚ್ಚರಿಕೆಯ ಗಂಟೆಯನ್ನು ಕಟ್ಟಿಹಾಕಿದ ಹಾಗೆ. ಕುತ್ತಿಗೆ ನೋವು ಸಾಮಾನ್ಯವಾಗಿ ಮಾರನೆಯ ದಿನ ಶುರುವಾಗುತ್ತದೆ. ಬಹಳಷ್ಟು ಸಲ ಅದು ಸ್ನಾಯುಗಳ ಎಳೆತ, ಕೆಲವು ದಿನಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಆದರೆ ಕೈಗೆ ಜೋಮು ಹಿಡಿಯುತ್ತಿದ್ದರೆ, ಬಲ ಕುಗ್ಗಿದ್ದರೆ, ಕುತ್ತಿಗೆಯ ನಡುಮೂಳೆಯನ್ನು ಮುಟ್ಟಿದರೆ ನೋಯುತ್ತಿದ್ದರೆ ಯಾರ ಕೈಯಲ್ಲೂ ಉಳುಕು ತೆಗೆಸಬೇಡಿ, ಲಟಕ್ಕೆಂದು ತಿರುಗಿಸಿಕೊಳ್ಳಬೇಡಿ. ಎಕ್ಸ್‌ರೇ ಆಗುವವರೆಗೆ ಕುತ್ತಿಗೆ ಅಲುಗದಿರಲಿ.

ಇನ್ನು ಸ್ಥಳದಲ್ಲಿ ಮಾಡಬೇಕಾದ್ದು. ಎಂಜಿನ್ ಆರಿಸಿ, ಮಿನುಗುವ ದೀಪ ಹಾಕಿ, ನಡೆಯಬಲ್ಲವರೆಲ್ಲ ರಸ್ತೆಯಿಂದ ಪೂರ್ತಿ ಆಚೆಗೆ ಹೋಗಿ ನಿಲ್ಲಬೇಕು. ಹೆದ್ದಾರಿಯಲ್ಲಿ ಗುದ್ದಿದ ಕಾರಿನ ಹಿಂದೆ ನಿಂತು ನಷ್ಟ ಲೆಕ್ಕ ಹಾಕುತ್ತಿದ್ದವರಿಗೆ ಇನ್ನೊಂದು ಗಾಡಿ ಬಂದು ಗುದ್ದಿದ್ದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದೇನೆ. 108 ಅಥವಾ 112ಕ್ಕೆ ಫೋನ್ ಮಾಡಿ. ಕಾರಿನೊಳಗೆ ಸಿಕ್ಕವರನ್ನು, ಬೆಂಕಿಯ ಅಥವಾ ಇಂಧನ ಸೋರುವ ಭಯವಿಲ್ಲದಿದ್ದರೆ, ರಟ್ಟೆ ಹಿಡಿದು ಎಳೆಯಬೇಡಿ. ಸಿನಿಮಾಗಳಲ್ಲಿ ಸಿಡಿಯುವ ಹಾಗೆ ಕಾರುಗಳು ಸಿಡಿಯುವುದಿಲ್ಲ. ರಕ್ತ ಸುರಿಯುವ ಕಡೆ ಶುಭ್ರ ಬಟ್ಟೆಯಿಂದ, ಟವೆಲ್ಲೋ ದುಪಟ್ಟಾವೋ ಪಂಚೆಯ ಚೂರೋ ಆಗಲಿ, ಒತ್ತಿ ಹಿಡಿಯಿರಿ. ಕಾಫಿಪುಡಿ, ಅರಿಸಿನ ಮೆತ್ತಬೇಡಿ. ನೀರು, ಸೋಡಾ ಕುಡಿಸಬೇಡಿ. ಇದನ್ನು ಹೇಳಿದರೆ ಜನ ನನ್ನನ್ನು ಕಟುಕನಂತೆ ನೋಡುತ್ತಾರೆ. ಬಾಯಾರಿದವನಿಗೆ ನೀರು ಕೊಡುವುದು ಪುಣ್ಯವೆಂದು ಬೆಳೆದವರು ನಾವು. ಆದರೆ ಅರೆಪ್ರಜ್ಞೆಯಲ್ಲಿ ಕುಡಿದ ನೀರು ಶ್ವಾಸಕೋಶಕ್ಕೆ ಇಳಿಯಬಹುದು, ಶಸ್ತ್ರಚಿಕಿತ್ಸೆ ಬೇಕಾದರೆ ಅರಿವಳಿಕೆ ಕೊಡುವವರಿಗೂ ತೊಡಕು. ತುಟಿ ಒದ್ದೆ ಮಾಡಿ, ಸಾಕು.

ಈಗ ಮೆಟ್ಟಿಲಿನ ಕತೆಗೆ ಮರಳುತ್ತೇನೆ. ಅಪಘಾತದ ಗಾಯಾಳು ಬಂದರೆ ವೈದ್ಯರು ಎಂ.ಎಲ್.ಸಿ. ಬರೆದು ಪೊಲೀಸರಿಗೆ ತಿಳಿಸಬೇಕು. ಎಂ.ಎಲ್.ಸಿ. ಎಂದರೆ ವಿಧಾನ ಪರಿಷತ್ತಿನ ಸದಸ್ಯರಲ್ಲ, ಕಾನೂನಿಗೆ ಸಂಬಂಧಿಸಿದ ವೈದ್ಯಕೀಯ ಪ್ರಕರಣ ಎಂಬುದರ ಹ್ರಸ್ವರೂಪ. ಈ ಮೂರಕ್ಷರಕ್ಕೆ ಜನ ರೋಗಕ್ಕಿಂತ ಹೆಚ್ಚು ಹೆದರುತ್ತಾರೆ. ‘ಜಾರಿ ಬಿದ್ದದ್ದು ಅಂತ ಬರ್ಕೊಂಡ್ಬಿಡಿ ಸಾರ್’ ಎಂಬ ಮಾತನ್ನು ತಿಂಗಳಿಗೆ ನಾಲ್ಕು ಸಲವಾದರೂ ಕೇಳುತ್ತೇನೆ. ಸುಳ್ಳು ಹೇಳಿದಾಗ ಮೋಸ ಹೋಗುವುದು ಪೊಲೀಸರಲ್ಲ, ವೈದ್ಯರು. ಮೆಟ್ಟಿಲಿಂದ ಬಿದ್ದ ಹುಡುಗನ ಗದ್ದವನ್ನಷ್ಟೇ ನಾವು ನೋಡುತ್ತೇವೆ. ಕಾರಿನಲ್ಲಿ ಗುದ್ದಿಸಿಕೊಂಡ ಹುಡುಗನಾದರೆ ಅವನ ಹೊಟ್ಟೆಯನ್ನೂ ನೋಡುತ್ತೇವೆ, ಕಾರಿನಲ್ಲಿ ಇನ್ಯಾರಿದ್ದರು ಎಂದು ಕೇಳುತ್ತೇವೆ.

ಒಂದು ತಿಂಗಳ ಬಳಿಕ ಆ ಹುಡುಗನ ತಾಯಿ ನನ್ನಲ್ಲಿಗೆ ಬಂದರು. ಮಗನಿಗೆ ಆ ಅಪಘಾತದಲ್ಲೇ ಗಾಯವಾಯಿತೆಂದೂ, ಗಂಡನಿಗೂ ಅಂದೇ ಪಕ್ಕೆ ನೋವಿತ್ತೆಂದೂ ಬರೆದುಕೊಡಲು ಕೇಳಿದರು. ಪರಿಹಾರದ ಅರ್ಜಿಗೆ ಬೇಕಾಗಿತ್ತು. ನನ್ನ ರಿಜಿಸ್ಟರಿನಲ್ಲಿ ನನ್ನದೇ ಅಕ್ಷರದಲ್ಲಿ ‘ಮೆಟ್ಟಿಲಿನಿಂದ ಬಿದ್ದು’ ಎಂದಿತ್ತು. ಆ ಪುಟವನ್ನು ತಿದ್ದಲು ನಾನು ಒಪ್ಪಲಿಲ್ಲ. ನಾನು ಕಂಡದ್ದನ್ನು, ಗಾಜಿನ ಹರಳುಗಳನ್ನೂ ಸೇರಿಸಿ, ಬೇರೆ ಹಾಳೆಯಲ್ಲಿ ಅಂದಿನ ತಾರೀಖು ಹಾಕಿ ಬರೆದುಕೊಟ್ಟೆ. ಅದರಿಂದ ಆಕೆಗೆ ಏನು ಪ್ರಯೋಜನವಾಯಿತೋ ತಿಳಿಯದು.

ಹೆದರಿಕೆಗೆ ಕಾರಣಗಳಿಲ್ಲವೆಂದು ನಾನು ಹೇಳುವುದಿಲ್ಲ. ಸಾಕ್ಷಿ ಹೇಳಲು ಕೋರ್ಟಿಗೆ ಹೋಗಿ ಸಂಜೆಯವರೆಗೆ ಬೆಂಚಿನ ಮೇಲೆ ಕುಳಿತು, ಮುಂದಿನ ತಾರೀಖು ಪಡೆದು ಬಂದ ಅನುಭವ ನನಗೂ ಉಂಟು. ‘ಇದು ಪೊಲೀಸ್ ಕೇಸು, ದೊಡ್ಡಾಸ್ಪತ್ರೆಗೆ ಹೋಗಿ’ ಎಂದು ಬಾಗಿಲಿನಿಂದಲೇ ಕಳಿಸುವ ವೈದ್ಯರೂ ಇದ್ದಾರೆ, ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ. ಆದರೆ ಕಾನೂನು ಈಗ ಸ್ಪಷ್ಟವಾಗಿದೆ. ಯಾವ ವೈದ್ಯನೂ ಪೊಲೀಸ್ ವಿಧಿಗಳಿಗಾಗಿ ಕಾಯದೆ ಗಾಯಾಳುವಿಗೆ ಮೊದಲು ಚಿಕಿತ್ಸೆ ಕೊಡಬೇಕೆಂದು ಸುಪ್ರೀಂ ಕೋರ್ಟ್ 1989ರಲ್ಲಿಯೇ, ಪರಮಾನಂದ ಕಟಾರ ಪ್ರಕರಣದಲ್ಲಿ, ಹೇಳಿದೆ. ಗಾಯಾಳುವನ್ನು ಆಸ್ಪತ್ರೆಗೆ ತಂದುಬಿಟ್ಟ ದಾರಿಹೋಕರನ್ನು ಪೀಡಿಸಕೂಡದೆಂದು 2016ರಲ್ಲಿ ಅದೇ ನ್ಯಾಯಾಲಯ ಆದೇಶಿಸಿತು. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ಅಂಥವರಿಗೆ ರಕ್ಷಣೆಯನ್ನೂ ಕೊಟ್ಟಿತು. ಅವರು ಇಷ್ಟವಿಲ್ಲದಿದ್ದರೆ ಹೆಸರನ್ನೂ ಹೇಳಬೇಕಾಗಿಲ್ಲ.

ಹಣದ ಮಾತೂ ಇದೆ. 2016ರ ಫೆಬ್ರುವರಿಯಲ್ಲಿ ನೆಲಮಂಗಲದ ಬಳಿ ಲಾರಿಗೆ ಸಿಕ್ಕಿ ದೇಹ ಎರಡು ತುಂಡಾದರೂ ತನ್ನ ಕಣ್ಣುಗಳನ್ನು ದಾನ ಮಾಡಿ ಎಂದು ಕೇಳಿಕೊಂಡ ಯುವಕ ಹರೀಶ್ ಅವರನ್ನು ನೀವು ಮರೆತಿರಲಾರಿರಿ. ಅವರ ಹೆಸರಿನಲ್ಲಿ ಅದೇ ವರ್ಷ ರಾಜ್ಯ ಸರ್ಕಾರ ಆರಂಭಿಸಿದ ಯೋಜನೆಯಲ್ಲಿ ಮೊದಲ 48 ಗಂಟೆಗಳ ಚಿಕಿತ್ಸೆಗೆ 25,000 ರೂಪಾಯಿವರೆಗೆ ನೆರವು ಗೊತ್ತುಮಾಡಲಾಯಿತು. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಯೋಜನೆಯಲ್ಲಿ ಗೊತ್ತಾದ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿ ಮಿತಿಯ ನಗದುರಹಿತ ಚಿಕಿತ್ಸೆಯ ಏರ್ಪಾಡಿದೆ. ಆದರೆ ಅದು ರಸ್ತೆ ಅಪಘಾತವೇ ಎಂದು ಪೊಲೀಸರು ದೃಢಪಡಿಸಬೇಕು. ‘ಮೆಟ್ಟಿಲಿಂದ ಬಿದ್ದವರಿಗೆ’ ಇದು ಸಿಗುವುದಿಲ್ಲ. ಕಾರು ಓಡಿಸುತ್ತಿದ್ದವರ ಮೇಲೂ ಹೊಣೆಯಿದೆ. ಯಾರಿಗಾದರೂ ಗಾಯವಾಗಿದ್ದರೆ ಚಿಕಿತ್ಸೆಗೆ ಒಯ್ಯುವುದು, ಬೇಗನೆ, ಹೆಚ್ಚೆಂದರೆ 24 ಗಂಟೆಯೊಳಗೆ, ಪೊಲೀಸ್ ಠಾಣೆಗೆ ತಿಳಿಸುವುದು ಕಾನೂನಿನ ಪ್ರಕಾರ ಅವರ ಕರ್ತವ್ಯ. ಹಾಗಾಗಿ ರಸ್ತೆಬದಿಯ ರಾಜಿಯನ್ನು ಬಂಪರಿನ ಮಟ್ಟಿಗೆ ಮಾಡಿಕೊಳ್ಳಿ, ಮೈಗಾದ ಪೆಟ್ಟಿನ ವಿಷಯದಲ್ಲಿ ಬೇಡ.

ಪರೀಕ್ಷೆ ಮುಗಿದು ವೈದ್ಯರು ಮನೆಗೆ ಕಳಿಸಿದ ಮೇಲೆ ಮೊದಲ ಎರಡು ದಿನ ಒಂಟಿಯಾಗಿರಬೇಡಿ. ಮೊದಲ ರಾತ್ರಿ ಮನೆಯಲ್ಲಿ ಒಬ್ಬರು ಎರಡು ಮೂರು ಗಂಟೆಗೊಮ್ಮೆ ಎಬ್ಬಿಸಿ, ಹೆಸರು, ಊರು ಕೇಳಿ, ಸರಿಯಾಗಿ ಉತ್ತರಿಸುತ್ತಾರೆಯೇ ನೋಡಬೇಕು. ಹೆಚ್ಚುತ್ತಿರುವ ತಲೆನೋವು, ವಾಂತಿ, ಮಂಪರು, ಹೊಟ್ಟೆ ಬಿಗಿಯುವುದು ಅಥವಾ ಉಬ್ಬುವುದು, ಎದ್ದು ನಿಂತರೆ ಕಣ್ಣು ಕತ್ತಲಿಡುವುದು, ಭುಜದ ತುದಿಯ ನೋವು, ಏದುಸಿರು, ಮೂತ್ರದಲ್ಲಿ ರಕ್ತ, ಕೈಕಾಲಿನ ಜೋಮು, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯದೆ ಹೊರಡಿ. ನನ್ನಂಥವರ ಕ್ಲಿನಿಕ್ಕಿಗಲ್ಲ, ಶಸ್ತ್ರವೈದ್ಯರೂ ರಕ್ತವೂ ಸ್ಕ್ಯಾನಿಂಗೂ ಇರುವ ಆಸ್ಪತ್ರೆಗೆ.

ಮಕ್ಕಳು ಕೆಲವು ದಿನ ರಾತ್ರಿ ಬೆಚ್ಚಿ ಏಳುವುದು, ಹಾಸಿಗೆ ಒದ್ದೆ ಮಾಡಿಕೊಳ್ಳುವುದು, ಕಾರು ಹತ್ತಲು ಹೆದರುವುದು ಸಹಜ. ಬೈಯಬೇಡಿ. ದೊಡ್ಡವರಿಗೂ ಹೀಗಾಗುತ್ತದೆ, ಅವರು ಹೇಳಿಕೊಳ್ಳುವುದಿಲ್ಲ. ಒಂದು ತಿಂಗಳಾದರೂ ಕಡಿಮೆಯಾಗದಿದ್ದರೆ ವೈದ್ಯರ ಬಳಿ ಮಾತಾಡಿ. ಗದ್ದಕ್ಕೆ ಹೊಲಿಗೆ ಹಾಕಿಸಿಕೊಂಡ ಆ ಹುಡುಗ ಈಗ ಹೈಸ್ಕೂಲಿನಲ್ಲಿದ್ದಾನೆ. ಜ್ವರ ಬಂದರೆ ತಾಯಿಯೊಡನೆ ಬಸ್ಸಿನಲ್ಲೇ ಬರುತ್ತಾನೆ.